ಕೂತ್ಕೊಳ್ಳಿ, ಕರೀತೀನಿ

ಹಲ್ಲುನೋವು ಬಂದವರನ್ನು ಸುಮ್ಮನೆ ಕೂರಿಸುವುದೆಂದರೆ ತಮಾಷೆಯಲ್ಲ. ಕೆನ್ನೆ ಊದಿಸಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಎದುರು ಸಿಕ್ಕವರನ್ನು ಕಚ್ಚಿಬಿಡುವ ಹಾಗೆ ಬರುತ್ತಾರೆ. ಕಚ್ಚುವುದಕ್ಕೆ ಹಲ್ಲು ಒಪ್ಪುವುದಿಲ್ಲ, ಅಷ್ಟೇ. ಅಂಥವರನ್ನು ಹಲ್ಲಿನ ಡಾಕ್ಟರ ಬಾಗಿಲ ಹೊರಗೆ ಕೂರಿಸುವುದು ಅವಳ ಕೆಲಸ. ಮೇಜಿನ ಹಿಂದಿನಿಂದ ತಲೆಯನ್ನೂ ಪೂರ್ತಿ ಎತ್ತದೆ, "ಕೂತ್ಕೊಳ್ಳಿ, ಕರೀತೀನಿ" ಅನ್ನುತ್ತಿದ್ದಳು. ಜಗಳಕ್ಕೆಂದೇ ಬಾಯಿ ತೆರೆದವರು ಬಾಯಿ ಮುಚ್ಚಿಕೊಂಡು ಹೋಗಿ ಕುರ್ಚಿ ಹಿಡಿಯುತ್ತಿದ್ದರು. ಒಬ್ಬ ದಪ್ಪ ಮೀಸೆಯ ಇನ್ಸ್‌ಪೆಕ್ಟರು ಹೀಗೆ ಕೂತವರು, ಸರದಿ ದಾಟಿಹೋದರೂ ಏಳಲಿಲ್ಲವಂತೆ. ಯಾಕ್ರೀ ಅಂದರೆ, "ಮೇಡಂ ಇನ್ನೂ ಕರೆದಿಲ್ಲ" ಅಂದರಂತೆ. ಆ ಬೀದಿಯಲ್ಲಿ ಅವಳಿಗೆ 'ಕೂತ್ಕೊಳ್ಳಿ ಮೇಡಂ' ಅಂತಲೇ ಹೆಸರು ಬಿದ್ದಿತ್ತು.

ಆದರೆ ಊರವರನ್ನೆಲ್ಲ ಕೂರಿಸುತ್ತಿದ್ದವಳ ತಲೆಯೊಳಗೆ ಮಾತ್ರ ಒಂದು ಯೋಚನೆಯೂ ಕೂತಲ್ಲಿ ಕೂರುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ಹಾಕಿ ಮೆಟ್ಟಿಲಿಳಿಯುವಷ್ಟರಲ್ಲಿ ಶುರು. ಇಸ್ತ್ರಿ ಪೆಟ್ಟಿಗೆ ಆರಿಸಿದೆನೋ ಇಲ್ಲವೋ? ಆರಿಸದಿದ್ದರೆ ಪಕ್ಕದ ಪರದೆಗೆ ಬೆಂಕಿ ಹತ್ತುತ್ತದೆ. ಅದನ್ನು ನಂದಿಸಲು ನಾನು ಒಳಗೆ ನುಗ್ಗುತ್ತೇನೆ, ಹೊಗೆ ಕುಡಿದು ಅಲ್ಲೇ ಸಾಯುತ್ತೇನೆ. ಗಂಡ ವರ್ಷ ಕಳೆಯುವ ಮುಂಚೆ ಇನ್ನೊಂದು ಮದುವೆ ಮಾಡಿಕೊಳ್ಳುತ್ತಾರೆ. ಬಂದವಳಿಗೆ ಮಗಳ ಜಡೆ ಹೆಣೆಯಲು ಬರುವುದಿಲ್ಲ, ಸಿಕ್ಕು ಬಿಡಿಸುವಾಗ ಮಗುವಿನ ಕೂದಲನ್ನು ದರದರ ಎಳೆಯುತ್ತಾಳೆ. ಕ್ಲಿನಿಕ್ಕಿನ ಬೀಗ ತೆಗೆಯುವ ಹೊತ್ತಿಗೆ ಇಷ್ಟೂ ನಡೆದುಹೋಗಿರುತ್ತಿತ್ತು. ಆ ಹೆಂಗಸಿನ ಮೇಲಿನ ಸಿಟ್ಟಿಗೆ ಸಂಜೆ ಗಂಡನ ಹತ್ತಿರ ಮಾತು ಬಿಡುತ್ತಿದ್ದಳು. ಪಾಪ, ಆ ಮನುಷ್ಯನಿಗೆ ತನ್ನ ಎರಡನೆಯ ಮದುವೆಯ ಸುದ್ದಿಯೇ ಗೊತ್ತಿರುತ್ತಿರಲಿಲ್ಲ.

ಗಂಡ ಕಾರು ಓಡಿಸುವುದನ್ನು ಕಲಿಸುವವರು. ಎಲ್ಲರಿಗೂ ಮೇಷ್ಟ್ರು. ದಿನವಿಡೀ ಕಲಿಯುವವರ ಪಕ್ಕದಲ್ಲಿ ಕೂತು, ತಮ್ಮ ಕಡೆಯ ಬ್ರೇಕು ಒತ್ತಿ ಒತ್ತಿ, ಮನೆಯಲ್ಲಿ ಸೋಫಾದ ಮೇಲೆ ಕೂತರೂ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. "ನಿನ್ನ ತಲೆಗೆ ಬ್ರೇಕೇ ಇಲ್ಲ ಕಣೇ, ಬರೀ ಆಕ್ಸಿಲೇಟರ್ರು" ಎಂದು ನಗುತ್ತಿದ್ದರು. ಅವಳಿಗೂ ನಗು ಬರುತ್ತಿತ್ತು. ನಕ್ಕು ಮುಗಿಯುವಷ್ಟರಲ್ಲಿ, ಬ್ರೇಕು ಸರಿಯಿಲ್ಲದ ಕಾರಿನಲ್ಲಿ ಇವರು ಕೂತರೆ ಏನು ಗತಿ ಎಂಬ ಯೋಚನೆ ಹತ್ತಿಕೊಳ್ಳುತ್ತಿತ್ತು.

ಈ ಗದ್ದಲದಲ್ಲಿ ಒಂದು ಯೋಚನೆ ಮಾತ್ರ ಬೇರೆ ಥರದ್ದಿತ್ತು. ಅವರ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಸಂಜೆ ಮೇಷ್ಟ್ರು ಹತ್ತಿ ಬರುವ ಸದ್ದು ಅವಳಿಗೆ ಅಡುಗೆಮನೆಯಿಂದಲೇ ಕೇಳುತ್ತಿತ್ತು. ಇತ್ತೀಚೆಗೆ ಆ ಸದ್ದು ಎರಡನೆಯ ಮಹಡಿಯಲ್ಲಿ ನಿಲ್ಲತೊಡಗಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಮತ್ತೆ ನಿಧಾನವಾಗಿ ಹೆಜ್ಜೆ. ಬಾಗಿಲು ತೆರೆದಾಗ ಮೂಗಿನ ತುದಿ ಬೆವರಿರುತ್ತಿತ್ತು, ಎಡಗೈಯನ್ನು ಬಲಗೈಯಿಂದ ತಿಕ್ಕಿಕೊಳ್ಳುತ್ತಿದ್ದರು.

"ಯಾಕ್ರೀ ಕೆಳಗೆ ನಿಂತ್ಬಿಟ್ರಿ?"

"ಲೇಸ್ ಬಿಚ್ಕೊಂಡಿತ್ತು, ಕಟ್ಕೊಂಡೆ."

ಮೇಷ್ಟ್ರ ಬೂಟಿಗೆ ಲೇಸೇ ಇರಲಿಲ್ಲ, ಕಾಲು ತೂರಿಸುವ ಬೂಟು ಅದು. ಅವಳು ಬೂಟು ನೋಡಿದಳು, ಗಂಡನ ಮುಖ ನೋಡಿದಳು. "ಡಾಕ್ಟರ ಹತ್ರ ಹೋಗಿ ಬರೋಣ್ವಾ?" ಅಂದಳು.

"ಓಹೋ, ಹೋಗೋಣ. ನಿನ್ನ ಇಸ್ತ್ರಿ ಪೆಟ್ಟಿಗೇನೂ ಎತ್ಕೋ. ಇಬ್ಬರನ್ನೂ ಒಟ್ಟಿಗೆ ತೋರಿಸ್ಕೊಂಡು ಬರೋಣ."

ನಿಜ ಹೇಳಬೇಕೆಂದರೆ ಅದು ಅವಳದ್ದೇ ತಪ್ಪು. ಬೆಳಗಿನಿಂದ ಸಂಜೆತನಕ ಎಲ್ಲದಕ್ಕೂ ಒಂದೇ ಸಮನೆ ಬಡಬಡಿಸುವವಳ ಮಾತಿಗೆ ಯಾರು ಕಿವಿ ಕೊಡುತ್ತಾರೆ? ಅವಳಿಗೇ ತನ್ನ ಮಾತಿನ ಮೇಲೆ ನಂಬಿಕೆ ಹೊರಟುಹೋಗಿತ್ತು. ಇದೂ ಇಸ್ತ್ರಿ ಪೆಟ್ಟಿಗೆಯಂಥದ್ದೇ ಇರಬೇಕು ಅಂದುಕೊಂಡು ಸುಮ್ಮನಾದಳು.

ಒಂದು ದಿನ ಡಾಕ್ಟರಮ್ಮನೇ ಅವಳನ್ನು ಹಲ್ಲಿನ ಕುರ್ಚಿಯಲ್ಲಿ ಕೂರಿಸಿದರು. ಊಟದ ಬಿಡುವಿನಲ್ಲಿ ಅವಳು ದವಡೆ ಒತ್ತಿಕೊಳ್ಳುತ್ತಿದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು. ಬಾಯಿಗೆ ದೀಪ ಹಿಡಿದು ನೋಡಿ, "ಅಲ್ವೇ, ನಿದ್ದೇಲಿ ಹಲ್ಲು ಕಡೀತೀಯಲ್ಲ! ದವಡೆ ಹಲ್ಲೆಲ್ಲ ಸವೆದು ಚಪ್ಪಟೆ ಆಗಿದೆ. ಏನು ಅಂಥಾ ಯೋಚನೆ?" ಅಂದರು.

ಬಾಯಿ ತೆರೆದೇ ಇದ್ದದ್ದರಿಂದ ಅವಳಿಗೆ ಉತ್ತರ ಹೇಳಲಾಗಲಿಲ್ಲ. ಕಣ್ಣಿನಿಂದ ಮಾತ್ರ ನೀರು ಬಂತು. ಡಾಕ್ಟರಮ್ಮ ದೀಪ ಆರಿಸಿ, ಕೈಗವಸು ತೆಗೆದು ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರ ಮಾತು ಒರಟು, ಮನಸ್ಸು ಒಳ್ಳೆಯದು.

"ನೋಡು, ಬರೋ ಯೋಚನೇನ ಬರಬೇಡ ಅಂದ್ರೆ ಅದು ಬಾಗಿಲು ಒದ್ದು ಬರುತ್ತೆ. ಹೊರಗಿನೋರ್ನ ಏನ್ಮಾಡ್ತೀಯ ನೀನು? ಬರಬೇಡಿ ಅಂತೀಯಾ? ಕೂತ್ಕೊಳ್ಳಿ, ಕರೀತೀನಿ ಅಂತೀಯ. ಇದಕ್ಕೂ ಅಷ್ಟೇ ಮಾಡು. ಮನೇಲಿ ಒಂದು ಜಾಗ ಗೊತ್ತು ಮಾಡು, ಸಂಜೆ ಒಂದು ಹೊತ್ತು ಗೊತ್ತು ಮಾಡು. ಐದು ಗಂಟೆ ಅಂತ ಇಟ್ಕೋ. ಬೆಳಿಗ್ಗೆಯಿಂದ ಯಾವ ಯೋಚನೆ ಬಂದ್ರೂ, ಐದಕ್ಕೆ ಕರೀತೀನಿ, ಅಲ್ಲೀತನಕ ಅಲ್ಲಿ ಕೂತಿರು ಅನ್ನು. ಐದಕ್ಕೆ ಒಂದೊಂದನ್ನೇ ಒಳಗೆ ಕರೆದು ಎರಡೇ ಮಾತು ಕೇಳು. ನಿನ್ನ ವಿಷ್ಯದಲ್ಲಿ ನಾನು ಇವತ್ತು ಮಾಡೋದು ಏನಾದ್ರೂ ಇದೆಯಾ? ಇದ್ರೆ ಏನು? ಇದ್ರೆ ಎದ್ದು ಮಾಡಿಬಿಡು. ಇಲ್ದಿದ್ರೆ ಕಳಿಸಿಬಿಡು. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಆದ್ರೆ ಕರೀತೀನಿ ಅಂದ ಮೇಲೆ ಕರೀಬೇಕಮ್ಮ. ಕೂರಿಸಿ ಮರೆತ್ರೆ ಕೆಟ್ಟದ್ದು."

ಮನೆಯ ಮುಂಬಾಗಿಲಿನಿಂದ ಅಡುಗೆಮನೆಗೆ ಒಂದು ಉದ್ದನೆಯ ಪ್ಯಾಸೇಜಿತ್ತು. ಕಿಟಕಿಯಿಲ್ಲ, ಒಂದು ಬಲ್ಬು. ಬೂಟು ಬಿಚ್ಚಲು ಗೋಡೆಯ ಪಕ್ಕ ಒಂದು ಮರದ ಬೆಂಚು ಹಾಕಿದ್ದರು. ಜಾಗಕ್ಕೆ ಅದಕ್ಕಿಂತ ಬೇರೇನು ಬೇಕು? ಮಾರನೆಯ ದಿನ ಮೆಟ್ಟಿಲಿಳಿಯುವಾಗ ಇಸ್ತ್ರಿ ಪೆಟ್ಟಿಗೆ ತಲೆಗೆ ಬಂದ ತಕ್ಷಣ, ಕ್ಲಿನಿಕ್ಕಿನಲ್ಲಿ ಹೇಳುವ ಧಾಟಿಯಲ್ಲೇ, "ಕೂತ್ಕೊಳ್ಳಿ, ಕರೀತೀನಿ" ಅಂದಳು. ಮನಸ್ಸಿನಲ್ಲೇ ಅದು ಹೋಗಿ ಬೆಂಚಿನ ಮೇಲೆ ಕೂತದ್ದನ್ನು ಕಂಡಳು. ಬೀದಿ ದಾಟುವಷ್ಟರಲ್ಲಿ ತಲೆ ಖಾಲಿ. ಆ ಬೀದಿಯಲ್ಲಿ ಒಬ್ಬ ಕನ್ನಡಕದ ಅಂಗಡಿಯವನಿದ್ದಾನೆ, ಅವನ ಫಲಕ ನೀಲಿ ಬಣ್ಣದ್ದು ಎಂಬುದು ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಕಣ್ಣಿಗೆ ಬಿತ್ತು.

ಮೊದಮೊದಲು ಅವಳು ನಿಯತ್ತಿನಿಂದ ಕರೆದಳು. ಸಂಜೆ ಐದಕ್ಕೆ ಅಡುಗೆಮನೆಯ ಮೇಜಿನ ಹತ್ತಿರ ಕೂತು, ಎದುರಿಗೆ ಇನ್ನೊಂದು ಕುರ್ಚಿ ಹಾಕಿ, "ಇಸ್ತ್ರಿ ಪೆಟ್ಟಿಗೆ, ಬನ್ನಿ" ಅನ್ನುವಳು. ಕೇಳಬೇಕಾದ್ದನ್ನು ಕೇಳುವಳು. ಕಣ್ಣೆದುರಿಗೇ ತಣ್ಣಗೆ ಕೂತಿರುವ ಇಸ್ತ್ರಿ ಪೆಟ್ಟಿಗೆಯ ವಿಷಯದಲ್ಲಿ ಮಾಡುವುದೇನು, ಮಣ್ಣು? "ಹೋಗಿ ಬನ್ನಿ" ಅನ್ನುವಳು. ಅದು ಹೋಗುತ್ತಿತ್ತು. ನಿದ್ದೆ ಬಂತು, ದವಡೆ ನೋವು ನಿಂತಿತು, ಮುಖಕ್ಕೆ ಕಳೆ ಬಂತು. ಮಗಳ ಜಡೆ ಹೆಣೆಯುತ್ತ ಹಾಡು ಗುನುಗುತ್ತಿದ್ದಳು. "ಯಾರೇ ಇವಳು, ನನ್ನ ಹೆಂಡ್ತಿ ಎಲ್ಲಿ?" ಎಂದು ಮೇಷ್ಟ್ರು ಗೇಲಿ ಮಾಡಿದರು.

ಸುಖ ಬಂದಾಗ ಮನುಷ್ಯರಿಗೆ ಸೋಮಾರಿತನವೂ ಬರುತ್ತದೆ. ಒಂದು ಸಂಜೆ ತಂಪಾದ ಗಾಳಿ ಬೀಸುತ್ತಿತ್ತು. ಮಗಳು ನೆಲದ ಮೇಲೆ ಅಂಗಾತ ಮಲಗಿ ಶಾಲೆಯ ಕಥೆ ಹೇಳುತ್ತಿದ್ದಳು. ಐದು ಹೊಡೆಯಿತು. ಇಂಥ ಹೊತ್ತಿನಲ್ಲಿ ಎದ್ದು ಹೋಗಿ ಆ ಹಾಳು ಯೋಚನೆಗಳ ಮುಖ ಯಾರು ನೋಡುತ್ತಾರೆ? ಡಾಕ್ಟರಮ್ಮ ರಜೆ ಹಾಕಿದ ದಿನ ಬಂದವರಿಗೆ ಹೇಳುವ ಹಾಗೆ, "ಇವತ್ತಾಗಲ್ಲ, ನಾಳೆ ಕರೀತೀನಿ" ಎಂದು ಪ್ಯಾಸೇಜಿನ ಕಡೆ ಒಂದು ಮಾತು ಎಸೆದಳು. ಮಾರನೆಯ ದಿನವೂ ಅದೇ ಅಂದಳು. ಆಮೇಲೆ ಅಷ್ಟನ್ನೂ ಹೇಳುವುದು ಬಿಟ್ಟಳು. ಹೊಸದಾಗಿ ಬಂದವಕ್ಕೆ ಮಾತ್ರ "ಕೂತ್ಕೊಳ್ಳಿ, ಕರೀತೀನಿ" ಎಂಬ ಮಾತು ಬಾಯಿಂದ ತಾನಾಗಿ ಬೀಳುತ್ತಿತ್ತು. ಅದಕ್ಕೆ ಅವಳು ಯೋಚಿಸಬೇಕಾಗಿಯೂ ಇರಲಿಲ್ಲ. ಮೇಷ್ಟ್ರ ಹೆಜ್ಜೆ ಎರಡನೆಯ ಮಹಡಿಯಲ್ಲಿ ಈಗ ಮುಂಚಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಅದಕ್ಕೂ ಅದೇ ಉತ್ತರ ಸಿಕ್ಕಿತು.

ಅಯ್ಯೋ ಮಹರಾಯ್ತಿ, ಕರೆಯದೆ ಇದ್ದರೆ ಅವು ಎಲ್ಲಿಗೆ ಹೋಗಬೇಕು?

ಮೊದಲು ಬದಲಾದದ್ದು ಮೇಷ್ಟ್ರು ನಡೆಯುವ ರೀತಿ. ಪ್ಯಾಸೇಜಿನಲ್ಲಿ ಬರುವಾಗ ಚೀಲವನ್ನು ಎದೆಗೆ ಅವುಚಿಕೊಂಡು, ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ಬರತೊಡಗಿದರು. ತುಂಬಿದ ಬಸ್ಸಿನಲ್ಲಿ ಇಳಿಯುವವರು ಬರುತ್ತಾರಲ್ಲ, ಹಾಗೆ. ಒಮ್ಮೆ "ಸ್ವಲ್ಪ ಜಾಗ" ಅಂದದ್ದೂ ಕೇಳಿಸಿತು. "ಯಾರಿಗೆ ಹೇಳಿದ್ರಿ?" ಅಂದರೆ, "ನಾನೆಲ್ಲಿ ಏನಂದೆ?" ಎಂದು ಅವಳನ್ನೇ ವಿಚಿತ್ರವಾಗಿ ನೋಡಿದರು. ಬೆಂಚಿನ ಕೆಳಗೆ ಚೆಲ್ಲಾಪಿಲ್ಲಿ ಬಿದ್ದಿರುತ್ತಿದ್ದ ಬೂಟು ಚಪ್ಪಲಿಗಳು ಈಗ ಸಂಜೆ ಬಂದು ನೋಡಿದರೆ ಮೂಲೆಗೆ ಒತ್ತರಿಸಿಕೊಂಡಿರುತ್ತಿದ್ದವು, ಕಾಲಿಡಲು ಯಾರೋ ಸರಿಸಿದ ಹಾಗೆ. ಬೆಂಚಿನ ಹಲಗೆ ನಡುವೆ ಬಾಗಿತ್ತು. ಮನೆಯಲ್ಲಿ ಯಾರಿಗೂ ಹಲ್ಲುನೋವಿಲ್ಲದಿದ್ದರೂ ಪ್ಯಾಸೇಜಿನಲ್ಲಿ ಲವಂಗದ ಎಣ್ಣೆಯ ವಾಸನೆ ನಿಂತಿತ್ತು. ಅವಳು ಕ್ಲಿನಿಕ್ಕಿನ ವಾಸನೆ ತನ್ನ ಸೀರೆಗೆ ಅಂಟಿ ಬಂದಿರಬೇಕು ಅಂದುಕೊಂಡು ಸೀರೆಯನ್ನು ಒಗೆಯಲು ಹಾಕಿದಳು.

ಮಗಳು ಪ್ಯಾಸೇಜನ್ನು ಓಡಿಕೊಂಡು ದಾಟತೊಡಗಿದಳು. ಅದೂ ಕುಂಟಾಬಿಲ್ಲೆ ಆಡುವ ಹಾಗೆ, ಇಲ್ಲೊಂದು ಹೆಜ್ಜೆ ಅಲ್ಲೊಂದು ಹೆಜ್ಜೆ, ಏನನ್ನೋ ತುಳಿಯದ ಹಾಗೆ. ಒಂದು ಸಂಜೆ ತಾಯಿಯ ಮಡಿಲಿಗೆ ತಲೆಯಿಟ್ಟು, "ಅಮ್ಮಾ, ಅವರನ್ನೆಲ್ಲ ಯಾವಾಗ ಕರೀತೀಯ?" ಎಂದು ಕೇಳಿದಳು.

"ಯಾರನ್ನೇ?"

"ಹೊರಗೆ ಕೂತಿದಾರಲ್ಲ, ಅವರನ್ನ."

ಅವಳ ಕೈ ಮಗಳ ಕೂದಲಲ್ಲೇ ನಿಂತಿತು. "ಯಾರೂ ಕೂತಿಲ್ಲ ಪುಟ್ಟಿ. ನೀನು ನೋಡಿದ್ಯಾ?"

"ನೋಡಕ್ಕಾಗಲ್ಲ. ಕೂತಿರೋದು ಗೊತ್ತಾಗುತ್ತೆ, ಅಷ್ಟೇ." ಮಗು ಇನ್ನಷ್ಟು ಒತ್ತಿಕೊಂಡಿತು. "ಒಬ್ರು ಅಪ್ಪನ ಥರಾನೇ ಉಸಿರು ಬಿಡ್ತಾರೆ. ಅವರ್ನ ಮೊದ್ಲು ಕರಿಯಮ್ಮ. ಅವರಿಗೆ ಆಗ್ತಿಲ್ಲ."

ಅವಳು ಮಗಳನ್ನು ಬಿಗಿಯಾಗಿ ಅಪ್ಪಿಕೊಂಡಳು. ಹೆದರಿಕೆ ಅಂದರೆ ಇದು, ಮುಂಚೆ ತಾನು ಪಡುತ್ತಿದ್ದದ್ದು ಬರೀ ಗಲಾಟೆ ಎಂದು ಅವಳಿಗೆ ಆಗ ಗೊತ್ತಾಯಿತು. "ನಾಳೆ ಕರೀತೀನಿ ಕಂದ. ಖಂಡಿತ" ಅಂದಳು. ನಾಳೆ ಯಾಕೆ, ಆಗಲೇ ಎದ್ದು ಕರೆಯಬಹುದಿತ್ತು. ಗಂಡ ಎದುರಿಗೇ ಕೂತು ನೆಲಕ್ಕೆ ಬಲಗಾಲು ಒತ್ತುತ್ತ ಟೀವಿ ನೋಡುತ್ತಿದ್ದರು, ಅವರ ಮುಂದೆ ಈ ಹುಚ್ಚಾಟ ಬೇಡ ಎನಿಸಿತು. ನಾಚಿಕೆ ಪಟ್ಟಳು, ಅಷ್ಟೇ. ನಾಚಿಕೆ ಎಂಥೆಂಥ ಕೆಲಸ ಕೆಡಿಸುತ್ತದೆ ನೋಡಿ.

ಮಾರನೆಯ ಮಧ್ಯಾಹ್ನ ಡಾಕ್ಟರಮ್ಮನನ್ನು ಕೇಳಿಕೊಂಡು ಬೇಗ ಮನೆಗೆ ಬಂದಳು. ಮಗಳನ್ನು ಕೆಳಗಿನ ಮಹಡಿಯ ಗೆಳತಿಯ ಮನೆಯಲ್ಲಿ ಬಿಟ್ಟಳು. ಮೇಷ್ಟ್ರು ಬರುವುದು ಹೇಗೂ ಕತ್ತಲಾಗುವ ಹೊತ್ತಿಗೆ. ಪ್ಯಾಸೇಜನ್ನು ಅವಳೂ ಗೋಡೆಗೆ ಬೆನ್ನು ಹಚ್ಚಿಯೇ ದಾಟಿದಳು, ಬೇಕೆಂದು ಅಲ್ಲ, ಕಾಲು ತಾನಾಗಿ ಹಾಗೆ ನಡೆಯಿತು. ಅಡುಗೆಮನೆ ಸೇರಿ ಅದರ ಬಾಗಿಲ ಪರದೆ ಎಳೆದುಕೊಂಡಳು. ಐದಕ್ಕೆ ಇನ್ನೂ ಹೊತ್ತಿತ್ತು. ಹೇಳಿದ ಹೊತ್ತಿಗೇ ಕರೆಯಬೇಕು, ಮುಂಚೆ ಅಲ್ಲ ಎನ್ನುವುದು ಅವಳ ಕೆಲಸದ ಶಿಸ್ತು. ಒಣಗಿದ ಬಟ್ಟೆಗಳನ್ನು ಮಡಿಸುತ್ತ ನಿಂತಳು.

ಮಡಿಸುತ್ತಿರುವಾಗ ಮುಂಬಾಗಿಲ ಕಡೆ ಸಣ್ಣಗೆ ಸದ್ದಾಯಿತು. ಬೆಂಚು ಕಿರುಗುಟ್ಟಿತು. ಭಾರವಾದ ಒಂದು ಉಸಿರು, ಅದರ ಹಿಂದೆ ಇನ್ನೊಂದು. ಮಗಳು ಹೇಳಿದ್ದು ಇದನ್ನೇ. ಮಡಿಸುತ್ತಿದ್ದ ಅಂಗಿಯನ್ನು ಎದೆಗೆ ಒತ್ತಿಕೊಂಡಳು. ಆದರೂ ಪರದೆ ಸರಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ಕೂತ್ಕೊಳ್ಳಿ, ಕರೀತೀನಿ" ಅಂದಳು.

ಹೊರಗೆ ಯಾರೋ ಏಳಲು ನೋಡಿ ಮತ್ತೆ ಕೂತ ಸದ್ದಾಯಿತು. ಆಮೇಲೆ ಸುಮ್ಮನಾಯಿತು.

ಐದು ಹೊಡೆಯಿತು. ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತು ಶುರು ಮಾಡಿದಳು. ದೊಡ್ಡದನ್ನು ಕೊನೆಗೆ ಇಟ್ಟುಕೊಂಡಳು. ಕ್ಲಿನಿಕ್ಕಿನಲ್ಲೂ ಹಾಗೇ ಅಲ್ಲವೇ, ಬೇಗ ಮುಗಿಯುವವರನ್ನು ಕಳಿಸಿಬಿಟ್ಟರೆ ಕಷ್ಟದವರಿಗೆ ಪುರುಸೊತ್ತು ಸಿಗುತ್ತದೆ.

"ಇಸ್ತ್ರಿ ಪೆಟ್ಟಿಗೆ, ಬನ್ನಿ."

ಪರದೆ ಅಲುಗಿತು. ಎದುರಿನ ಕುರ್ಚಿಯ ದಿಂಬು ಮೆಲ್ಲಗೆ ತಗ್ಗಿತು. ಅವಳು ತನ್ನ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡಳು. ಆದರೆ ಕೇಳಬೇಕಾದ ಎರಡು ಮಾತು ಕೇಳಿದಳು, "ಹೋಗಿ ಬನ್ನಿ" ಅಂದಳು. ದಿಂಬು ಉಬ್ಬಿತು. ಮುಂದಿನದು ಸೋರುವ ನಲ್ಲಿ. ಅದಕ್ಕೆ ಮಾಡುವ ಕೆಲಸವಿತ್ತು, ನಲ್ಲಿ ರಿಪೇರಿಯವನಿಗೆ ಆಗಲೇ ಫೋನ್ ಮಾಡಿ ಬರಹೇಳಿದಳು. ಅದರ ಹಿಂದೆ ನಾದಿನಿಯ ಮೆಸೇಜು. ಬರೀ "ಆಯ್ತು" ಅಂತ ಬಂದದ್ದು, ಕೊನೆಗೊಂದು ಚುಕ್ಕಿ ಬೇರೆ. ಆ ಚುಕ್ಕಿ ಇವಳನ್ನು ವಾರಗಟ್ಟಲೆ ಕೊರೆದಿತ್ತು. ನಾದಿನಿಗೂ ಫೋನ್ ಮಾಡಿದಳು. "ಅಯ್ಯೋ ಅತ್ತಿಗೆ, ಹಾಲು ಉಕ್ತಿತ್ತು, ಒಂದ್ಕೈಲಿ ಒತ್ತಿದ್ದು. ಕೋಪ ಯಾಕೆ ಬರುತ್ತೆ ನಂಗೆ?" ಎಂದು ಅವಳು ಬಿದ್ದು ಬಿದ್ದು ನಕ್ಕಳು. ಇವಳೂ ನಕ್ಕಳು. ಅವರು ಮಾತಾಡುತ್ತ ಮಾತಾಡುತ್ತ ಅತ್ತೆಯ ಮಂಡಿನೋವಿನವರೆಗೂ ಹೋಗಿ ಬಂದರು.

ಹಾಗೆ ಒಂದೊಂದೇ ಬಂದವು, ಒಂದೊಂದೇ ಹೋದವು. ಮಗಳು ಸಡಿಲವಾದ ಹಲ್ಲು ನುಂಗಿಬಿಟ್ಟರೆ ಎಂಬುದು ಬಂತು, ಹೋಯಿತು. ತಾನು ಸತ್ತ ಮೇಲೆ ಬರುವ ಸವತಿ ಕೂಡ ಬಂದು ಕೂತಳು. ಅವಳಿಗೆ ಇವಳು, "ಜಡೆ ಹೆಣೆಯೋದು ಮಗಳಿಗೇ ಕಲಿಸ್ತೀನಿ, ನೀವು ಹೊರಡಿ" ಅಂದಳು. ಪ್ಯಾಸೇಜು ಹಗುರಾಗುತ್ತಿರುವುದು ಪರದೆಯ ಈಚೆಗೇ ತಿಳಿಯುತ್ತಿತ್ತು. ಬಲ್ಬಿನ ಬೆಳಕು ಪರದೆಯ ಮೇಲೆ ಹೆಚ್ಚಾಯಿತು. ಅವಳಿಗೆ ಒಳ್ಳೆಯ ಕೆಲಸ ಮಾಡುತ್ತಿರುವ ಹಿಗ್ಗು ಬಂದಿತ್ತು.

ಕೊನೆಗೆ ಒಂದೇ ಉಳಿಯಿತು.

"ನಮ್ಮನೆಯವರ ಏದುಸಿರು, ಬನ್ನಿ" ಅಂದಳು.

ಪರದೆ ಅಲುಗಲಿಲ್ಲ. ಇನ್ನೊಮ್ಮೆ ಕರೆದಳು. ಹೊರಗೆ ಯಾರೋ ಏಳಲು ನೋಡಿದರು, ಆಗಲಿಲ್ಲ. ಬೂಟು ನೆಲಕ್ಕೆ ಉಜ್ಜಿದ ಸದ್ದು, ಬಲಗಾಲು ಒಂದೇ ಸಮ ನೆಲ ಒತ್ತುವ ಸದ್ದು.

ಅವಳು ಪರದೆ ಕಿತ್ತುಬರುವ ಹಾಗೆ ಎಳೆದಳು. ಬೆಂಚಿನ ತೀರಾ ತುದಿಯಲ್ಲಿ, ಉಳಿದವರಿಗೆ ಜಾಗ ಬಿಟ್ಟವರ ಹಾಗೆ ಮುದುಡಿಕೊಂಡು, ಮೇಷ್ಟ್ರು ಕೂತಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಗಿ ಬೆವರಿಗೆ ಮೈಗಂಟಿತ್ತು. ಕೈ ಎದೆಯ ಮೇಲಿತ್ತು.

"ರೀ! ಯಾವಾಗ ಬಂದ್ರಿ ನೀವು? ಕೂಗಬಾರದಿತ್ತಾ ನನ್ನ?"

"ನೀನೇ ಕೂತ್ಕೊಳ್ಳಿ ಅಂದ್ಯಲ್ಲ." ಮಾತು ಬಿಟ್ಟು ಬಿಟ್ಟು ಬಂತು. "ನಂಗಿಂತ ಮುಂಚೆ ತುಂಬಾ ಜನ ಇದ್ರು ಕಣೇ. ಸರದಿ ಬರ್ಲಿ ಅಂತ ಕೂತೆ."

ಎಲ್ಲದಕ್ಕೂ ಮೈಲುಗಟ್ಟಲೆ ಯೋಚಿಸುತ್ತಿದ್ದವಳು ಅವತ್ತು ಒಂದು ಕ್ಷಣವೂ ಯೋಚಿಸಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದಳು, ಎದುರು ಮನೆಯ ಬಾಗಿಲು ಬಡಿದಳು, ಅಂಗಿಯ ಗುಂಡಿ ಬಿಚ್ಚಿದಳು. ಆಂಬುಲೆನ್ಸಿನ ದಾದಿ ಸ್ಟ್ರೆಚರ್ ಇಳಿಸುತ್ತ, "ಯಾವಾಗಿಂದ ಹೀಗಿದಾರೆ?" ಎಂದು ಕೇಳಿದಳು. ಇವಳಿಗೆ ಅದು ಸರಿಯಾಗಿ ಗೊತ್ತಿತ್ತು. ನಾದಿನಿಯ ಜೊತೆ ನಕ್ಕದ್ದು, ಅತ್ತೆಯ ಮಂಡಿನೋವು ವಿಚಾರಿಸಿದ್ದು, ಎಲ್ಲವೂ ಅದರ ಆಮೇಲಿನದು.

"ನಾನು ಕೂರಿಸಿದಾಗಿಂದ" ಅಂದಳು.

ಬದುಕಿದರು. ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಊಟ ಬಿಟ್ಟು ಅದನ್ನೇ ಯೋಚಿಸುತ್ತ ಕೂರುತ್ತೀರಿ. ಆದರೆ ಹೃದಯದ ಒಂದು ಪಾಲು ಸತ್ತುಹೋಗಿದೆ, ಸ್ವಲ್ಪ ಮುಂಚೆ ತಂದಿದ್ದರೆ ಅದೂ ಉಳಿಯುತ್ತಿತ್ತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಯಾರನ್ನೂ ಬೈಯದೆ, ಮೆತ್ತಗೆ ಹೇಳಿದರು. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

ಆಸ್ಪತ್ರೆಯ ಮಂಚದ ಮೇಲೆ, ಮಾತಾಡುವಷ್ಟು ತ್ರಾಣ ಬಂದ ಮೇಲೆ, ಮೇಷ್ಟ್ರು ಒಂದು ಮಾತು ಕೇಳಿದರು. "ಅವತ್ತು ಪರದೆ ಎಳೆಯೋಕ್ಕೆ ಮುಂಚೆ ಒಂದ್ಸಲ ಕರೆದಿದ್ಯಲ್ಲ ನೀನು. ಮೆಟ್ಟಿಲ ಕಡೆಯಿಂದ. ಬನ್ನಿ, ನಿಮ್ಮ ಸರದಿ ಅಂತ."

"ನಾನು ಅಡುಗೆಮನೇಲಿದ್ದೆ. ಮೆಟ್ಟಿಲ ಕಡೆ ಯಾಕೆ ಹೋಗ್ಲಿ?"

"ನಿಂದೇ ಧ್ವನಿ. ಆರಾಮಾಗಿತ್ತು ಕೇಳೋಕ್ಕೆ. ಎದ್ದು ಹೋಗೋಣ ಅನ್ನಿಸ್ತು. ಆದ್ರೆ ಒಳಗೆ ನೀನು ಫೋನಲ್ಲಿ ನಗ್ತಾ ಇದ್ದೆ. ಒಳಗೆ ಇರೋಳು ಹೊರಗಿಂದ ಹೇಗೆ ಕರೀತಾಳೆ ಅಂತ ಕೂತೇ ಇದ್ದೆ."

ಅವಳು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮೆಟ್ಟಿಲು ಹತ್ತಬಾರದು ಅಂದದ್ದರಿಂದ ಬೇರೆ ಬೀದಿಯಲ್ಲಿ ನೆಲಮಟ್ಟದ ಮನೆ ಹಿಡಿದರು. ಬೀದಿಯಿಂದ ಒಂದೇ ಮೆಟ್ಟಿಲು, ಬಾಗಿಲು ತೆರೆದರೆ ನೇರ ಹಾಲು. ಪ್ಯಾಸೇಜಿಲ್ಲ. ಬೆಂಚನ್ನು ಅವಳು ಹಳೆ ಸಾಮಾನಿನವನಿಗೆ ಕೊಟ್ಟುಬಿಟ್ಟಳು. ಯೋಚನೆ ಬಂದರೆ ಈಗ ಅವಳು ಅದನ್ನು ಕೂರಿಸುವುದಿಲ್ಲ, ಕಾಯಿಸುವುದಿಲ್ಲ. ನಿಂತ ನಿಂತಲ್ಲೇ ಆ ಎರಡು ಮಾತು ಕೇಳಿ, ಮಾಡುವುದಿದ್ದರೆ ಮಾಡಿ, ಇಲ್ಲದಿದ್ದರೆ ಕಳಿಸುತ್ತಾಳೆ. ತಲೆ ಸ್ವಚ್ಛವಾಗಿದೆ. ಮಗಳೂ ಈಗ ಮನೆತುಂಬ ಧಡಧಡ ಓಡಾಡುತ್ತಾಳೆ.

ಮೇಷ್ಟ್ರು ಮಾತ್ರ ಹೊರಗಿನಿಂದ ಬಂದರೆ ಒಳಗೆ ಬರುವುದಿಲ್ಲ. ಬಾಗಿಲು ತೆರೆದೇ ಇದ್ದರೂ ಬೂಟು ಬಿಚ್ಚಿ, ಗೋಡೆಗೆ ಬೆನ್ನು ಹಚ್ಚಿ, ಕೈಯನ್ನು ಎದೆಯ ಮೇಲಿಟ್ಟುಕೊಂಡು ನಿಂತುಬಿಡುತ್ತಾರೆ. ಯಾಕ್ರೀ ಅಂದರೆ, "ಮುಂದೆ ಜನ ಇದಾರೆ ಅನ್ಸುತ್ತೆ ಕಣೇ" ಅನ್ನುತ್ತಾರೆ. ಅವಳು ಬಾಗಿಲಿಗೆ ಬಂದು "ಯಾರೂ ಇಲ್ಲ, ಬನ್ನಿ" ಅಂದ ಮೇಲೆಯೇ ಹೊಸ್ತಿಲು ದಾಟುವುದು. ಕರೆಯದಿದ್ದರೆ ಎಷ್ಟು ಹೊತ್ತಾದರೂ ನಿಂತಿರುತ್ತಾರೆ. ತಾನು ಕರೆಯದೆ ಹೋದರೆ ಬೇರೆ ಯಾರಾದರೂ ಕರೆದುಬಿಟ್ಟಾರು ಎಂಬ ದಿಗಿಲಿಗೆ ಅವಳು ದಿನಾ ಅವರಿಗಿಂತ ಮೊದಲೇ ಮನೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಈ ಒಂದು ದಿಗಿಲನ್ನು ಅವಳು ಕಳಿಸಿಲ್ಲ. ಇದರ ವಿಷಯದಲ್ಲಿ ಮಾಡುವ ಕೆಲಸ ದಿನಾ ಇರುತ್ತದೆ.

ಒಂದು ಸಂಜೆ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಂಡ ಮುದುಕರೊಬ್ಬರು ತಲೆ ಸುತ್ತಿ ಬಿದ್ದರು. ಅವರನ್ನು ಮಲಗಿಸಿ, ನೀರು ಕುಡಿಸಿ, ಮನೆಯವರು ಬಂದು ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಯಿತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಬೀದಿಯುದ್ದ ಓಡಿದಳು. ಬಿಸಿಲು ಇನ್ನೂ ಇತ್ತು, ಮಕ್ಕಳು ಚೆಂಡಾಡುತ್ತಿದ್ದರು.

ದೂರದಿಂದಲೇ ಕಂಡಿತು. ಮೇಷ್ಟ್ರು ಗೋಡೆಗೆ ಒರಗಿ ನಿಂತಿರಲಿಲ್ಲ. ಬಾಗಿಲ ಹತ್ತಿರ ಬಗ್ಗಿ, ತಮ್ಮ ಕೀಲಿಕೈಯನ್ನು ಬೀಗಕ್ಕೆ ತೂರಿಸುತ್ತಿದ್ದರು. ಮುಖದಲ್ಲಿ ನಗು. "ಬಂದೆ, ಬಂದೆ, ಒಂದ್ನಿಮಿಷ" ಎಂದು ಬಾಗಿಲಿಗೆ ಹೇಳುತ್ತಿದ್ದರು.

ಬೆಳಿಗ್ಗೆ ಅವಳೇ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಮಗಳು ಅಲ್ಲೇ ಬೀದಿಯಲ್ಲಿ ಚೆಂಡಿನ ಹಿಂದೆ ಇದ್ದಳು. ಅವಳು ಮೆಟ್ಟಿಲ ಹತ್ತಿರ ಬಂದಾಗ ಬೀಗ ಹಾಕಿದ ಮನೆಯ ಒಳಗಿನಿಂದ ಕೇಳಿಸಿತು. ಅವಸರವಿಲ್ಲ, ತಲೆ ಪೂರ್ತಿ ಎತ್ತದೆ ಹೇಳಿದ ಹಾಗೆ, ಅವಳದೇ ಧ್ವನಿ.

"ಬನ್ನಿ. ನಿಮ್ಮ ಸರದಿ."

ಅವಳು ಅವರ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದಳು. ಕೀಲಿಕೈ ಮೆಟ್ಟಿಲ ಮೇಲೆ ಬಿತ್ತು. "ರೀ, ನಾನಿಲ್ಲಿದೀನಿ. ಇಲ್ಲಿ ನೋಡಿ, ನಾನಿಲ್ಲಿದೀನಿ."

ಮೇಷ್ಟ್ರು ಅವಳನ್ನು ನೋಡಿದರು, ಬಾಗಿಲನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ನಗು ಮುಖದಿಂದ ಮೆಲ್ಲಗೆ ಇಳಿಯಿತು.

"ಮತ್ತೆ ಒಳಗೆ?"

ಅವಳು ಕೀಲಿಕೈ ಎತ್ತಿ ಮುಷ್ಟಿಯಲ್ಲಿ ಇಟ್ಟುಕೊಂಡಳು. ಅವರ ತೋಳು ಹಿಡಿದು, ಬಾಗಿಲಿಗೆ ಬೆನ್ನು ಮಾಡಿಸಿ, ಬಿಸಿಲು ಬಿದ್ದ ಆ ಒಂದೇ ಮೆಟ್ಟಿಲ ಕಡೆ ತಿರುಗಿಸಿದಳು.

"ಕೂತ್ಕೊಳ್ಳಿ" ಅಂದಳು. ಆ ಮಾತಿನ ಉಳಿದರ್ಧ ಹೇಳಲಿಲ್ಲ. ತಾನೂ ಪಕ್ಕದಲ್ಲಿ ಒತ್ತಿಕೊಂಡು ಕೂತಳು. ಹಿಂದೆ ಬಾಗಿಲ ಒಳಗಿನಿಂದ ಇನ್ನೊಮ್ಮೆ ಕರೆ ಬಂತು. ಇಬ್ಬರೂ ತಿರುಗಿ ನೋಡಲಿಲ್ಲ.